ಬಾರದವರ ಪಟ್ಟಿ

ಸಾಂಗಲಿ, ಮಿರಜ್ ಕಡೆ ಬಾಳುವವರಿಗೆ ನಾಯಕರ ಕಥೆಗಳನ್ನು ಯಾರೂ ಪುಸ್ತಕ ತೆಗೆದು ಓದಿಸಬೇಕಿಲ್ಲ. ಚಹಾದ ಅಂಗಡಿಯಲ್ಲಿ ಕೂತರೆ ಸಾಕು, ತಾವಾಗಿ ಕಿವಿಗೆ ಬೀಳುತ್ತವೆ. 1943ರ ಜುಲೈ 24ರಂದು ವಸಂತದಾದಾ ಪಾಟೀಲರು ಸಂಗಾತಿಗಳ ಜೊತೆ ಸಾಂಗಲಿಯ ಜೈಲು ಒಡೆದು ಹೊರಬಿದ್ದದ್ದು, ಮಳೆಗಾಲದ ಕೃಷ್ಣೆಗೆ ಹಾರಿದ್ದು, ಪೊಲೀಸರ ಗುಂಡು ತಿಂದದ್ದು. ಹೆಚ್ಚು ಶಾಲೆ ಕಲಿಯದ ಆ ಮನುಷ್ಯ ಮುಂದೆ ರೈತರನ್ನು ಕೂಡಿಸಿ ಸಕ್ಕರೆ ಕಾರ್ಖಾನೆ ಕಟ್ಟಿದ್ದು, ನಾಲ್ಕು ಸಲ ಮಹಾರಾಷ್ಟ್ರದ ಮುಖ್ಯಮಂತ್ರಿಯಾದದ್ದು. ಯೇಡೆಮಚ್ಛಿಂದ್ರದ ನಾನಾ ಪಾಟೀಲರು ಬ್ರಿಟಿಷರ ಕಣ್ಣೆದುರಿಗೇ ಪ್ರತಿಸರ್ಕಾರ ನಡೆಸಿದ್ದು. ಇಂಥ ಮಾತು ಇಲ್ಲಿ ಮುಗಿಯುವುದೇ ಇಲ್ಲ.

ನಾನು ರಾಯಬಾಗ ಕಡೆಯವನು. ರೈಲ್ವೆ ನೌಕರಿ ಹಿಡಿದು ಮಿರಜ್‌ಗೆ ಬಂದೆ, ಇಲ್ಲೇ ಬೇರು ಬಿಟ್ಟೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಯಾರ್ಡಿನಲ್ಲಿ ಎರಡಕ್ಕೂ ಹಿಂದಿ ಬೆರೆಸಿದ ರೈಲ್ವೆ ಮಾತು. ಈ ಊರಿನ ಕಥೆಗಳನ್ನು ಕೇಳುತ್ತ ಕೇಳುತ್ತ ನನ್ನ ತಲೆಯಲ್ಲಿ ಒಂದು ಚಿತ್ರ ಗಟ್ಟಿಯಾಗಿ ಕೂತಿತ್ತು. ನಾಯಕ ಎಂದರೆ ಎಲ್ಲರಿಗಿಂತ ಮುಂದೆ ನಿಂತವನು. ಅವನ ದನಿ ಎಲ್ಲರಿಗೂ ಕೇಳಬೇಕು, ಅವನ ಮಾತು ಎಲ್ಲರೂ ಕೇಳಬೇಕು. ಜೈಲಿನ ಗೋಡೆ ಹಾರುವಾಗ ಹಿಂದೆ ಯಾರು ಉಳಿದರು, ಹೊಳೆಯ ಸೆಳವಿಗೆ ಯಾರು ಸಿಕ್ಕರು ಎಂದು ದಾದಾ ತಿರುಗಿ ನೋಡಿರಬೇಕಲ್ಲ ಎಂಬ ಯೋಚನೆ ನನಗೆ ಒಮ್ಮೆಯೂ ಬಂದಿರಲಿಲ್ಲ. ಆ ದಿನ ಇಬ್ಬರು ಸಂಗಾತಿಗಳು ಪೊಲೀಸರ ಗುಂಡಿಗೆ ಬಲಿಯಾಗಿದ್ದರು. ಅವರ ಹೆಸರು ಕೇಳಿದ್ದರೆ ಅಂದು ನನಗೆ ಹೇಳಲು ಬರುತ್ತಿರಲಿಲ್ಲ.

ನಾನೂ ಒಬ್ಬ ನಾಯಕ ಎಂಬ ಭ್ರಮೆ ಹತ್ತಿದ್ದು 2016ರ ಬೇಸಿಗೆಯಲ್ಲಿ. ಆ ವರ್ಷ ಲಾತೂರ್ ನಗರಕ್ಕೆ ಕುಡಿಯುವ ನೀರೇ ಇಲ್ಲದಂತಾಯಿತು. ನೀರು ತುಂಬುವ ಜಾಗಗಳಲ್ಲಿ ಹೊಡೆದಾಟವಾದೀತೆಂದು ಅಲ್ಲಿ ನಿಷೇಧಾಜ್ಞೆ ಹಾಕಿದ್ದರು. ಮಿರಜ್‌ನಿಂದ ರೈಲಿನಲ್ಲಿ ನೀರು ಕಳಿಸುವುದೆಂದು ತೀರ್ಮಾನವಾಯಿತು. ಟ್ಯಾಂಕ್ ವ್ಯಾಗನ್‌ಗಳನ್ನು ರಾಜಸ್ಥಾನದ ಕೋಟಾ ವರ್ಕ್‌ಶಾಪಿನಲ್ಲಿ ಹಬೆಯಿಂದ ತೊಳೆದು ಇಲ್ಲಿಗೆ ತಂದರು. ಏಪ್ರಿಲ್ 11ರಂದು ಹತ್ತು ವ್ಯಾಗನ್‌ಗಳ ಮೊದಲ ಗಾಡಿ ಸುಮಾರು 5 ಲಕ್ಷ ಲೀಟರ್ ಕೃಷ್ಣೆಯ ನೀರು ಹೊತ್ತು ಹೊರಟಿತು. ಸುಮಾರು 340 ಕಿಲೋಮೀಟರ್ ಓಡಿ ಮರುದಿನ ಬೆಳಗಿನ ಜಾವ ಲಾತೂರ್ ಮುಟ್ಟಿತು. ಜನ ಅದನ್ನು ‘ಜಲದೂತ’ ಎಂದು ಕರೆದರು. ಆಮೇಲೆ ಹೈದರಖಾನ್ ಪಂಪ್ ಹೌಸಿನಿಂದ ರೈಲ್ವೆ ಯಾರ್ಡಿನವರೆಗೆ ಹೊಸ ಪೈಪ್ ಎಳೆದರು. ಹತ್ತು ವ್ಯಾಗನ್ ಹೋಗಿ 50 ಆಯಿತು, 5 ಲಕ್ಷ ಲೀಟರ್ ಹೋಗಿ 25 ಲಕ್ಷವಾಯಿತು. ಮಳೆ ಹಿಡಿಯುವ ತನಕ ಆ ಗಾಡಿ ನಿಲ್ಲಲಿಲ್ಲ.

ಆಗ ಯಾರ್ಡಿನ ಮೇಲ್ವಿಚಾರಣೆಯಲ್ಲಿದ್ದವರಲ್ಲಿ ನಾನೂ ಒಬ್ಬ. ಗಾಡಿ ಎಲ್ಲಿ ನಿಲ್ಲಬೇಕು, ಯಾವ ಲೈನ್ ಖಾಲಿ ಇಡಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಉರಿಬಿಸಿಲಿನಲ್ಲಿ ಕಾದ ವ್ಯಾಗನ್‌ಗಳ ಮೇಲೆ ಹತ್ತಿ ಮುಚ್ಚಳ ತೆಗೆದು ಪೈಪ್ ಇಳಿಸುತ್ತಿದ್ದವರು ಬೇರೆ. ಕೆಳಗೆ ಮಲಗಿ ಸೋರುವ ವಾಲ್ವಿಗೆ ಸೆಣಬು ಸುತ್ತುತ್ತಿದ್ದವರು ಬೇರೆ. ರಾತ್ರಿಯಿಡೀ ಕಂದಕ ತೋಡಿದವರು ಇನ್ನೂ ಬೇರೆ. ಬೇಸಿಗೆ ಕಳೆದ ಮೇಲೆ ಒಂದು ಸಂಘದವರು ನನಗೆ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು ಸತ್ಕಾರ ಮಾಡಿದರು. ಮೈಕ್ ಮುಂದೆ ನಿಂತು ನಾನು ಬಹಳ ಹೊತ್ತು ಮಾತಾಡಿದೆ. ನಾನು ಹೀಗೆ ಮಾಡಿದೆ, ನಾನು ಹಾಗೆ ನಿರ್ಧರಿಸಿದೆ. ಸಭಾಂಗಣದ ಹಿಂದಿನ ಬಾಗಿಲ ಹತ್ತಿರ ಯಾರ್ಡಿನ ಕೆಲವರು ನಿಂತಿದ್ದರು. ಅವರಲ್ಲಿ ಒಬ್ಬನ ಅಂಗೈಗೆ ಇನ್ನೂ ಪಟ್ಟಿ ಕಟ್ಟಿತ್ತು, ಬಿಸಿ ಕಬ್ಬಿಣ ಹಿಡಿದು ಸುಟ್ಟ ಗಾಯ. ಅವರನ್ನು ವೇದಿಕೆಗೆ ಕರೆಯಬೇಕೆಂದು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಕಣ್ಣಿಗೆ ಬಿದ್ದಿದ್ದರು, ಆದರೆ ಮಾತಿನ ಓಟ ನಿಲ್ಲಿಸಲು ಮನಸ್ಸಾಗಲಿಲ್ಲ.

ನಿವೃತ್ತಿಯ ನಂತರ ಶಾಲೆ ಕಾಲೇಜುಗಳಿಂದ ಕರೆ ಬರತೊಡಗಿತು. ಮಕ್ಕಳಿಗೆ ನಾಯಕತ್ವದ ಬಗ್ಗೆ ನಾಲ್ಕು ಮಾತು ಹೇಳಿ ಎನ್ನುತ್ತಿದ್ದರು. ನಾನು ಕರಿಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೆ: ಧೈರ್ಯ, ಶಿಸ್ತು, ನಿರ್ಧಾರ, ಮುಂದಾಲೋಚನೆ, ಮಾತಿನ ಬಲ. ಒಂದೊಂದಕ್ಕೂ ಜಲದೂತದ ಒಂದೊಂದು ಪ್ರಸಂಗ. ಮಕ್ಕಳು ಬರೆದುಕೊಳ್ಳುತ್ತಿದ್ದರು.

2019ರ ಆಗಸ್ಟ್ ಬಂತು. ಕೊಯ್ನಾ, ವಾರಣಾ ಕೊಳ್ಳಗಳಲ್ಲಿ ಮಳೆ ಬಿಡದೆ ಸುರಿಯುತ್ತಿತ್ತು. ಸಾಂಗಲಿಯವರಿಗೆ ಮಳೆಗಾಲದಲ್ಲಿ ಕೃಷ್ಣೆಯ ಮೇಲಿನ ಸೇತುವೆ, ಐರ್ವಿನ್ ಪೂಲೇ ಪಂಚಾಂಗ. ಭೇಟಿಯಾದವರು ಕ್ಷೇಮ ಕೇಳುವ ಮೊದಲು ಪೂಲಿಗೆ ಎಷ್ಟು ಫೂಟ್ ಎಂದು ಕೇಳುತ್ತಾರೆ. 40 ಅಡಿಗೆ ಎಚ್ಚರಿಕೆ, 45ಕ್ಕೆ ಅಪಾಯ. ಆ ಸಲ ನೀರು 57 ಅಡಿ ಮುಟ್ಟಿತು. 2005ರ ಮಹಾಪೂರದ ನೀರು ಇಲ್ಲಿಯವರೆಗೆ ಬಂದಿತ್ತು, ಇದರಾಚೆ ಬರುವುದಿಲ್ಲ ಎಂದು ಗೋಡೆಯ ಮೇಲಿನ ಹಳೆಯ ಗೆರೆ ನಂಬಿ ಕೂತವರ ಮನೆಗಳಿಗೂ ಹೊಕ್ಕಿತು. ಮಿರಜ್ ಊರು ಹೊಳೆಯಿಂದ ದೂರ, ಎತ್ತರದಲ್ಲಿದೆ. ಹೊಳೆದಂಡೆಯ ಜನ ಟ್ರ್ಯಾಕ್ಟರಿನಲ್ಲಿ, ಟೆಂಪೋದಲ್ಲಿ, ಎಮ್ಮೆಗಳನ್ನು ಹೊಡೆದುಕೊಂಡು ಕಾಲ್ನಡಿಗೆಯಲ್ಲಿ ಇತ್ತ ಬರತೊಡಗಿದರು. ಶಾಲೆಗಳು, ಮಂಗಲ ಕಾರ್ಯಾಲಯಗಳು, ಗುಡಿ, ಮಸೀದಿ ಎಲ್ಲ ಕಡೆ ಜನ.

ನಮ್ಮ ಭಾಗದ ಒಂದು ಶಾಲೆಯಲ್ಲಿ ಶಿಬಿರ ತೆರೆದಾಗ ಯಾರು ನೋಡಿಕೊಳ್ಳಬೇಕೆಂಬ ಮಾತು ಬಂತು. ಲಾತೂರಿಗೆ ನೀರು ಕಳಿಸಿದವರು ಇದ್ದಾರಲ್ಲ ಎಂದು ಎಲ್ಲರೂ ನನ್ನ ಕಡೆ ನೋಡಿದರು. ನಾನು ಬೇಡ ಎನ್ನಲಿಲ್ಲ. ಕೊರಳಿಗೆ ಸೀಟಿ ಹಾಕಿಕೊಂಡೆ. ಬಾಗಿಲ ಹತ್ತಿರ ಮೇಜು ಹಾಕಿಸಿ, ಉದ್ದನೆಯ ರಿಜಿಸ್ಟರಿಗೆ ಗೆರೆ ಎಳೆಸಿ, ಹೆಸರು, ಊರು, ಮನೆಯವರ ಸಂಖ್ಯೆ, ಕಾರ್ಡ್ ನಂಬರ್ ಬರೆಸತೊಡಗಿದೆ. ನೀಲಿ ಟೋಕನ್ ಊಟಕ್ಕೆ, ಗುಲಾಬಿ ಟೋಕನ್ ಸಾಮಾನಿಗೆ. ಗಂಡಸರ ಸಾಲು, ಹೆಂಗಸರ ಸಾಲು, ವಯಸ್ಸಾದವರ ಸಾಲು. ಮೈಕಿನಲ್ಲಿ ಗಂಟೆಗೊಮ್ಮೆ ಸೂಚನೆ. ನೋಡಲು ಬಂದ ಅಧಿಕಾರಿಯೊಬ್ಬರು ನಿಮ್ಮ ಶಿಬಿರ ಮಾದರಿ ಶಿಬಿರ ಎಂದರು. ಅಂದು ನನಗೆ ಹೊಟ್ಟೆ ತುಂಬಿದಂತಾಗಿತ್ತು. ಅದೇ ಹೊತ್ತಿಗೆ ಒಂದು ಮನೆಯವರು ಎರಡು ಸಲ ಅಕ್ಕಿ, ಚಾದರ ಪಡೆದರೆಂದು ದೂರು ಬಂತು. ರೇಷನ್ ಕಾರ್ಡ್ ಅಥವಾ ಆಧಾರ್ ತೋರಿಸಿದವರಿಗೆ ಮಾತ್ರ ಗುಲಾಬಿ ಟೋಕನ್ ಎಂದು ನಾನು ನಿಯಮ ಮಾಡಿದೆ. ಮೈಕಿನಲ್ಲಿ ಅದನ್ನು ಹೇಳುವಾಗ ನನ್ನ ದನಿಯಲ್ಲಿದ್ದ ಗತ್ತು ಇವತ್ತಿಗೂ ನನಗೆ ನೆನಪಿದೆ.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತು. ಒಬ್ಬ ಹೆಣ್ಣುಮಗಳು ಬಂದಳು. ಸೀರೆ ಮೊಣಕಾಲಿನವರೆಗೆ ಕೆಸರು. ಬಗಲಲ್ಲಿ ಗಂಡುಮಗು, ಸೆರಗು ಹಿಡಿದ ಐದಾರು ವರ್ಷದ ಹುಡುಗಿ. ಇನ್ನೊಂದು ಕೈಯಲ್ಲಿ ಒಂದು ಅಲ್ಯುಮಿನಿಯಂ ಡಬರಿ, ಅದರೊಳಗೆ ಒಂದಿಷ್ಟು ಒದ್ದೆ ಬಟ್ಟೆ. ಮೇಜಿನ ಮುಂದೆ ನಿಂತು ಕನ್ನಡದಲ್ಲಿ ಹೇಳಿದಳು, “ಸಾಹೇಬ್ರ, ನಮ್ಮ ಕಾರ್ಡ ಊರಾಗ ಐತ್ರೀ. ಜತ್ತ ಕಡೇವ್ರ ನಾವು. ಇಲ್ಲಿ ಕಬ್ಬಿನ ಹೊಲದಾಗ ಇರ್ತೇವ್ರಿ. ಗುಡಿಸಲಾ ಹೋತ್ರಿ.”

ನನ್ನ ಸುತ್ತ ಸ್ವಯಂಸೇವಕ ಹುಡುಗರಿದ್ದರು, ಪಕ್ಕದಲ್ಲಿ ಇಬ್ಬರು ಸರ್ಕಾರಿ ನೌಕರರಿದ್ದರು. ಎಲ್ಲರೂ ಮರಾಠಿ ಮಾತಾಡುತ್ತಿದ್ದರು. ನಾನೂ ಬೆಳಗಿನಿಂದ ಮರಾಠಿಯಲ್ಲೇ ಇದ್ದೆ. ಆಕೆಯ ಮಾತು ನನಗೆ ಪೂರ್ತಿ ತಿಳಿದಿತ್ತು. ನನ್ನ ಅವ್ವ ಮಾತಾಡುತ್ತಿದ್ದ ಮಾತೇ ಅದು. ಆದರೆ ಆ ಕುರ್ಚಿಯಲ್ಲಿ ಕೂತು, ಆ ಜನರ ನಡುವೆ, ಹಳ್ಳಿಯ ಕನ್ನಡದಲ್ಲಿ ಉತ್ತರ ಕೊಡಲು ನಾಲಿಗೆ ಏಳಲಿಲ್ಲ. ಕಾರ್ಡ್ ಇಲ್ಲದೆ ಟೋಕನ್ ಇಲ್ಲ, ನಾಳೆ ನೋಡೋಣ ಎಂದು ಮರಾಠಿಯಲ್ಲಿ ಹೇಳಿದೆ. ಆಕೆ ಜಗಳ ಮಾಡಲಿಲ್ಲ. ಮತ್ತೊಮ್ಮೆ ಕೇಳಲೂ ಇಲ್ಲ. ಸ್ವಲ್ಪ ಹೊತ್ತು ಹಿಂದೆ ಸರಿದು ನಿಂತಿದ್ದಳು ಎಂದು ಆಮೇಲೆ ಹುಡುಗರು ಹೇಳಿದರು. ನಾನು ಮುಂದಿನವರ ಹೆಸರು ಬರೆಯುತ್ತಿದ್ದೆ. ತಲೆ ಎತ್ತಿ ನೋಡಿದಾಗ ಆಕೆ ಇರಲಿಲ್ಲ, ಇಲ್ಲ ಎಂಬುದು ನನ್ನ ಗಮನಕ್ಕೂ ಬರಲಿಲ್ಲ.

ನಮ್ಮ ಶಿಬಿರದಲ್ಲೇ ಒಬ್ಬ ಹಿರಿಯರಿದ್ದರು. ರೈಲ್ವೆಯಲ್ಲಿ ಕೀಮ್ಯಾನ್ ಆಗಿ, ಆಮೇಲೆ ಗ್ಯಾಂಗ್ ಮೇಟ್ ಆಗಿ ನಿವೃತ್ತರಾದವರು. ಕುಡಚಿ, ಉಗಾರ, ಶೇಡಬಾಳ ಕಡೆಯ ಹಳಿಯ ಮೇಲೆಯೇ ಅವರ ಆಯುಷ್ಯ ಸವೆದಿತ್ತು. ಎಲ್ಲರೂ ಅವರನ್ನು ಮೇಟ್ ಮಾಮಾ ಎನ್ನುತ್ತಿದ್ದರು. ಅವರ ಮನೆಗೂ ನೀರು ಹೊಕ್ಕಿತ್ತು. ಮಗ, ಸೊಸೆ, ಮೊಮ್ಮಕ್ಕಳ ಜೊತೆ ಅವರೂ ನಿರಾಶ್ರಿತರೇ. ಯಾರೂ ಅವರಿಗೆ ಯಾವ ಕೆಲಸವನ್ನೂ ಹೇಳಿರಲಿಲ್ಲ. ಆ ರಾತ್ರಿ ಎಲ್ಲರೂ ಹಾಸಿಕೊಂಡು ಮಲಗುವ ಹೊತ್ತಿಗೆ ಅವರು ಟಾರ್ಚ್ ಹಿಡಿದು ಒಂದೊಂದೇ ಕೋಣೆಗೆ ಹೋಗುವುದು ನನಗೆ ಕಂಡಿತು. ಪ್ರತಿ ಗುಂಪಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೇಳುತ್ತಿದ್ದರು. “ನಿಮ್ಮ ಓಣ್ಯಾಗ ಯಾರ್ ಬಂದಿಲ್ಲವಾ? ಬಾಜೂ ಮನ್ಯಾವ್ರು ಎಲ್ಲಿ ಅದಾರ?” ಮರಾಠಿಯವರಿಗೆ ಮರಾಠಿಯಲ್ಲಿ, ನಮ್ಮವರಿಗೆ ಕನ್ನಡದಲ್ಲಿ. ಏನೂ ಬರೆದುಕೊಳ್ಳುತ್ತಿರಲಿಲ್ಲ. ಬರೆಯಲು ಅವರಿಗೆ ಅಷ್ಟಾಗಿ ಬರುತ್ತಲೂ ಇರಲಿಲ್ಲ.

ಅದೇ ದಿನಗಳಲ್ಲಿ ಬ್ರಹ್ಮನಾಳದ ಸುದ್ದಿ ಬಂತು. ಆಗಸ್ಟ್ 8ರಂದು ಪಲೂಸ್ ತಾಲ್ಲೂಕಿನ ಆ ಊರಿನಿಂದ ಜನರನ್ನು ದಾಟಿಸುತ್ತಿದ್ದ ದೋಣಿ ಮಗುಚಿ ಹನ್ನೆರಡಕ್ಕೂ ಹೆಚ್ಚು ಜನ ತೀರಿಕೊಂಡರು, ಅವರಲ್ಲಿ ಹೆಂಗಸರು, ಮಕ್ಕಳೇ ಬಹಳ. ಶಿಬಿರದಲ್ಲಿ ಗದ್ದಲವೇ ನಿಂತುಹೋಯಿತು. ಪ್ರತಿಯೊಬ್ಬರೂ ತಮ್ಮವರು ಎಲ್ಲಿದ್ದಾರೆಂದು ಫೋನ್ ಹಚ್ಚುತ್ತಿದ್ದರು. ನನ್ನ ರಿಜಿಸ್ಟರಿನಲ್ಲಿ ನೂರಾರು ಹೆಸರುಗಳಿದ್ದವು. ಯಾರಿಗೂ ಅವುಗಳಿಂದ ಸಮಾಧಾನ ಸಿಗುವಂತಿರಲಿಲ್ಲ.

ಮರುದಿನ ಮಧ್ಯಾಹ್ನದೊಳಗೆ ಮೇಟ್ ಮಾಮಾ ಬಹಳ ಸಂಗತಿ ಪತ್ತೆ ಮಾಡಿದ್ದರು. ಎಮ್ಮೆ ಬಿಟ್ಟು ಬರುವುದಿಲ್ಲವೆಂದು ಮಾಳಿಗೆ ಹತ್ತಿ ಕೂತಿದ್ದ ಮುದುಕ ಒಬ್ಬ. ಬಾಣಂತಿ ಮಗಳನ್ನು ಗದ್ದಲದ ಶಿಬಿರಕ್ಕೆ ಕರೆತರಲು ಹಿಂಜರಿದು ಪರಿಚಯದವರ ದನದ ಕೊಟ್ಟಿಗೆಯಲ್ಲಿ ಉಳಿದಿದ್ದ ತಾಯಿ ಒಬ್ಬಳು. ಹೆಸರು ಹೇಳಿದರೆ ಜಾತಿ ಕೇಳಿಯಾರೆಂದು ಗೇಟಿನಿಂದಲೇ ವಾಪಸು ಹೋಗಿದ್ದ ಒಂದು ಕುಟುಂಬ. ನಮ್ಮ ಹುಡುಗರನ್ನೇ ಕರೆದುಕೊಂಡು ಒಬ್ಬೊಬ್ಬರಿದ್ದಲ್ಲಿಗೆ ಹೋದರು. ಸಂಜೆ ಸ್ಟೇಷನ್ ಕಡೆಯಿಂದ ಬರುವಾಗ ಅವರ ಹಿಂದೆ ಆ ಹೆಣ್ಣುಮಗಳು ಇದ್ದಳು. ರಾತ್ರಿಯೆಲ್ಲ ಪ್ಲಾಟ್‌ಫಾರ್ಮಿನ ಮೂಲೆಯಲ್ಲಿ ಮಕ್ಕಳನ್ನು ಅವಚಿಕೊಂಡು ಕೂತಿದ್ದಳಂತೆ. ಪೋರ್ಟರ್ ಒಬ್ಬನಿಂದ ಸುಳಿವು ಸಿಕ್ಕಿತ್ತು.

ಮೇಟ್ ಮಾಮಾ ನನ್ನ ಮೇಜಿನ ಹತ್ತಿರ ಬಂದರು. ಸಿಟ್ಟಿರಲಿಲ್ಲ. ಹಳೆಯ ನೌಕರ ಮೇಲಿನವರಿಗೆ ವರದಿ ಒಪ್ಪಿಸುವ ಹಾಗೆ ತಗ್ಗಿದ ದನಿಯಲ್ಲಿ ಹೇಳಿದರು. “ಸಾಹೇಬ್ರ, ನಿಮ್ಮ ಬುಕ್ಕಿನ್ಯಾಗ ಬಂದವರಷ್ಟ ಅದಾರ್ರಿ. ಬರದ ಇದ್ದವ್ರು ಎಲ್ಲಿ ಬರದೀರಿ?”

ನನ್ನ ಹತ್ತಿರ ಉತ್ತರವಿರಲಿಲ್ಲ. ಗುಲಾಬಿ ಟೋಕನ್ನಿನ ಮಾತು ತೆಗೆಯದೆ ನಾನೇ ಎದ್ದು ಅಕ್ಕಿ, ಬೇಳೆ, ಚಾದರ, ಬಿಸ್ಕತ್ತು ತಂದು ಆಕೆಯ ಮುಂದಿಟ್ಟೆ. ಆ ಚಿಕ್ಕ ಹುಡುಗಿ ನನ್ನ ಕೊರಳಲ್ಲಿದ್ದ ಸೀಟಿ ನೋಡುತ್ತಿದ್ದಳು. ಹತ್ತಿರ ಬಂದು ಕೇಳಿದಳು, “ಅಜ್ಜಾ, ನಮ್ಮ ಆಡ ಸಿಕ್ಕಾವನು?” ಗುಡಿಸಲಿನ ಜೊತೆ ಹೋದ ಆಡುಗಳ ವಿಷಯ. ನಾನು ಬಾಯಿ ತೆರೆಯುವಷ್ಟರಲ್ಲಿ ತಾಯಿ ಮಗಳ ಕೈ ಜಗ್ಗಿದಳು. “ಸುಮ್ಕಿರ, ಅವ್ರಿಗೆ ಕನ್ನಡ ತಿಳ್ಯಂಗಿಲ್ಲ.”

ಇಲ್ಲವ್ವಾ, ನಾನೂ ನಿಮ್ಮವನೇ ಎನ್ನಬೇಕಿತ್ತು. ಎರಡೇ ಮಾತು. ಆದರೆ ಆ ಮಾತು ಆಡಿದ ಕ್ಷಣಕ್ಕೆ ನಿನ್ನೆ ಸಂಜೆ ಆಕೆ ಹೇಳಿದ್ದೆಲ್ಲ ನನಗೆ ತಿಳಿದಿತ್ತು ಎಂದು ಆಕೆಗೆ ಗೊತ್ತಾಗುತ್ತಿತ್ತು. ಭಾಷೆ ಬಾರದ ಸಾಹೇಬ ಎಂದು ಆಕೆ ನನ್ನನ್ನು ಮನಸ್ಸಿನಲ್ಲೇ ಮನ್ನಿಸಿದ್ದಳು. ನಾನು ಆ ಕ್ಷಮೆಯ ಹಿಂದೆ ಅಡಗಿಕೊಂಡೆ. ಹುಡುಗಿಯ ತಲೆ ಸವರಿ, ಬಾಯಿಬಿಡದೆ ಮೇಜಿಗೆ ಮರಳಿದೆ. ಮೇಟ್ ಮಾಮಾ ನನ್ನನ್ನೇ ನೋಡುತ್ತಿದ್ದರು. ನಾನು ಕನ್ನಡದವನೆಂದು ಅವರಿಗೆ ಗೊತ್ತು. ಅವರು ಏನೂ ಹೇಳಲಿಲ್ಲ. ಹುಡುಗಿಯ ಹತ್ತಿರ ಕೂತು, ಆಡು ಈಜುತ್ತವೆ ಮಗಾ, ದಿಬ್ಬ ಹತ್ತಿರ್ತಾವು, ನೀರು ಇಳೀಲಿ, ಹುಡುಕೋಣು ಎಂದು ಸಮಾಧಾನ ಮಾಡಿದರು.

ಮೊದಲ ದಿನದ ತಪ್ಪನ್ನು ಅವಸರದ ಮೇಲೆ, ನಿಯಮದ ಮೇಲೆ ಹಾಕಬಹುದು. ಎರಡನೆಯದಕ್ಕೆ ಯಾವ ನೆಪವೂ ಇಲ್ಲ. ಧೈರ್ಯ ಎಂದು ಕರಿಹಲಗೆಯ ಮೇಲೆ ಎಲ್ಲಕ್ಕಿಂತ ಮೊದಲು ಬರೆಯುತ್ತಿದ್ದ ನನಗೆ ಒಬ್ಬ ಬಡ ಹೆಣ್ಣುಮಗಳ ಮುಂದೆ ಎರಡು ಮಾತು ಕನ್ನಡ ಆಡುವ ಧೈರ್ಯ ಇರಲಿಲ್ಲ. ನೀರು ಇಳಿದ ಮೇಲೆ ಹೊಲದ ಮಾಲೀಕರ ಟ್ರ್ಯಾಕ್ಟರ್ ಬಂದು ಅವರನ್ನು ಕರೆದೊಯ್ಯಿತು. ನಾನು ಆಗ ಗೋದಾಮಿನಲ್ಲಿದ್ದೆ. ಆಕೆಯನ್ನು ಮತ್ತೆ ನೋಡಲಿಲ್ಲ. ಆಕೆಯ ಲೆಕ್ಕದಲ್ಲಿ ನಾನು ಇವತ್ತಿಗೂ ಕನ್ನಡ ಬಾರದ ಸಾಹೇಬನೇ.

ಆಮೇಲೆ ಬಹಳ ದಿನ ನಾನು ಈ ಊರಿನ ನಾಯಕರ ಕಥೆಗಳನ್ನು ಮತ್ತೆ ಮೊದಲಿನಿಂದ ಯೋಚಿಸುತ್ತ ಹೋದೆ. ಮೊದಲು ಕೇಳಿದಾಗ ಕಾಣದ್ದು ಈಗ ಕಾಣತೊಡಗಿತು.

ವಾಳವೆಯ ನಾಗನಾಥಣ್ಣ ನಾಯಕವಡಿಯವರನ್ನೇ ತೆಗೆದುಕೊಳ್ಳಿ. ಪ್ರತಿಸರ್ಕಾರದ ಕಾಲದಲ್ಲಿ ಬಂದೂಕು ಹಿಡಿದವರು. 1946ರಲ್ಲಿ ಪೊಲೀಸರ ಜೊತೆ ನಡೆದ ಕಾಳಗದಲ್ಲಿ ಅವರ ಸಂಗಾತಿ ಕಿಸನ್ ಅಹೀರ್ ಪ್ರಾಣ ಕೊಟ್ಟರು. ನಾಲ್ಕು ದಶಕದ ನಂತರ ಅಣ್ಣ ವಾಳವೆಯಲ್ಲಿ ರೈತರ ಸಕ್ಕರೆ ಕಾರ್ಖಾನೆ ಕಟ್ಟಿದಾಗ ಅದಕ್ಕಿಟ್ಟ ಹೆಸರು ಹುತಾತ್ಮ ಕಿಸನ್ ಅಹೀರ್ ಸಹಕಾರಿ ಸಕ್ಕರೆ ಕಾರ್ಖಾನೆ. ಹೊರಟ ದಾರಿಯಲ್ಲಿ ಯಾರು ಇಲ್ಲವಾದರೋ ಅವರ ಹೆಸರೇ ಬಾಗಿಲ ಮೇಲೆ. ಅಲ್ಲಿಗೂ ನಿಲ್ಲಲಿಲ್ಲ. ವಾಳವೆ ಕೃಷ್ಣೆಯ ದಂಡೆಯ ಊರು, ನೀರಿದೆ, ಕಬ್ಬಿದೆ. ಅಂಥ ಊರಿನ ನಾಯಕನಿಗೆ ನೀರಿನ ಹೋರಾಟ ಏಕೆ ಬೇಕಿತ್ತು? ಆದರೂ 1993ರಲ್ಲಿ ಅವರು ಬರಗಾಲದ ಆಟಪಾಡಿಗೆ ಹೋಗಿ ನೀರಿನ ಪರಿಷತ್ತು ನಡೆಸಿದರು. ಸಾಂಗಲಿ, ಸಾತಾರಾ, ಸೋಲಾಪುರ ಜಿಲ್ಲೆಗಳ ಬರಪೀಡಿತ ತಾಲ್ಲೂಕುಗಳ ಜನರನ್ನು ಕೂಡಿಸಿದರು. ಕೃಷ್ಣೆಯ ನೀರಿನಲ್ಲಿ ಈ ಜನಕ್ಕೂ ಪಾಲು ಬೇಕು ಎಂದರು. ವರ್ಷ ವರ್ಷವೂ ಆ ಪರಿಷತ್ತು ನಡೆಯಿತು. ನೀರು ಹಂಚುವ ಸಾಲಿನಲ್ಲಿ ಯಾರು ಇಲ್ಲ ಎಂದು ನೋಡುವ ಕಣ್ಣು ಅವರಿಗಿತ್ತು. 2009ರಲ್ಲಿ ಪದ್ಮಭೂಷಣ ಬಂತು, 2012ರಲ್ಲಿ ತೀರಿಕೊಂಡರು.

ಜತ್ತ ತಾಲ್ಲೂಕೂ ಆ ಬರದ ಸೀಮೆಯದೇ. ಪೂರ್ವದ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಮಿರಜ್ ತಾಲ್ಲೂಕಿನ ಮ್ಹೈಸಾಳದಿಂದ ಕೃಷ್ಣೆಯ ನೀರು ಎತ್ತಿ ಆ ಕಡೆ ಒಯ್ಯುವ ಯೋಜನೆ ದಶಕಗಳಿಂದ ನಡೆದಿದೆ. ಎಲ್ಲ ಹಳ್ಳಿಗಳಿಗೆ ನೀರು ಮುಟ್ಟದೆ 2022ರ ಕೊನೆಗೆ ಅಲ್ಲಿಯ ಜನ ನಮ್ಮನ್ನು ಕರ್ನಾಟಕಕ್ಕೆ ಸೇರಿಸಿ ಎಂದು ಎದ್ದು ನಿಂತದ್ದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಆ ಹೆಣ್ಣುಮಗಳು ನೀರಿಲ್ಲದ ಊರು ಬಿಟ್ಟು ನೀರಿದ್ದ ಕಡೆ ಕೂಲಿಗೆ ಬಂದಿದ್ದಳು. ಆ ನೀರೇ ಆಕೆಯ ಗುಡಿಸಲು ಒಯ್ದಿತು. ಊರಿನಲ್ಲೂ ಆಕೆಯ ಹೆಸರು ನೀರಿನ ಪಟ್ಟಿಯಲ್ಲಿರಲಿಲ್ಲ, ಇಲ್ಲಿ ನನ್ನ ಪಟ್ಟಿಯಲ್ಲೂ ಇರಲಿಲ್ಲ. ಲಾತೂರಿಗೆ ನೀರು ಕಳಿಸಿದೆ ಎಂದು ವರ್ಷಗಟ್ಟಲೆ ಭಾಷಣ ಮಾಡಿದವನಿಗೆ ನೂರು ಕಿಲೋಮೀಟರ್ ಒಳಗಿನ ಜತ್ತದ ನೀರಿನ ಕಥೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೇಳಿಸಿಕೊಂಡಿರಲಿಲ್ಲ.

ಇನ್ನೊಂದು ಸಂಗತಿ ಹೇಳಲೇಬೇಕು. ಮರಾಠಿ ರಂಗಭೂಮಿ ಸಾಂಗಲಿಯಲ್ಲಿ ಹುಟ್ಟಿತು ಎಂದು ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಅದು ಹೆಮ್ಮೆಪಡುವ ಮಾತೇ. 1843ರಲ್ಲಿ ವಿಷ್ಣುದಾಸ ಭಾವೆ ಇಲ್ಲಿ ಸೀತಾ ಸ್ವಯಂವರ ಆಡಿಸಿದರು. ಅದರ ಹಿಂದೆ ಕನ್ನಡ ಸೀಮೆಯಿಂದ ಬಂದ ಭಾಗವತ ಮೇಳದ ಆಟವಿದೆ. ಸಾಂಗಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು ಆ ಕನ್ನಡ ಆಟ ಕಂಡು ಮೆಚ್ಚಿ, ಇಂಥದ್ದು ನಮ್ಮ ಭಾಷೆಯಲ್ಲೂ ಆಗಲಿ ಎಂದು ಭಾವೆಯವರಿಗೆ ಹೇಳಿದರು. ಸಿಂಹಾಸನದಲ್ಲಿ ಕೂತ ದೊರೆ ಪರಭಾಷೆಯ ಬಯಲಾಟದವರ ಮುಂದೆ ಕೂತು ಕಣ್ಣರಳಿಸಿ ನೋಡಿದ ಊರು ಇದು. ಅದೇ ಊರಿನ ಪಕ್ಕದಲ್ಲಿ ಕಟ್ಟಿಗೆಯ ಕುರ್ಚಿಯೊಂದರಲ್ಲಿ ಕೂತು ನಾನು ನನ್ನದೇ ಭಾಷೆಗೆ ನಾಚಿದ್ದೆ.

ಮಿರಜ್ ಎಂದರೆ ವಾನ್ಲೆಸ್ ಡಾಕ್ಟರರ ನೆನಪೂ ಬರಬೇಕು. ಕೆನಡಾದಿಂದ ಬಂದ ಆ ವೈದ್ಯರು 1894ರಲ್ಲಿ ಇಲ್ಲಿ ಆಸ್ಪತ್ರೆ ತೆರೆದರು. ದೊಡ್ಡ ಶಸ್ತ್ರವೈದ್ಯರೆಂದು ದೂರದೂರದ ರೋಗಿಗಳು ಬರುತ್ತಿದ್ದರು. ಆದರೆ 1897ರಲ್ಲೇ ಅವರು ಇಲ್ಲಿಯ ಹುಡುಗರಿಗೆ ವೈದ್ಯಕೀಯ ಕಲಿಸುವ ಶಾಲೆಯನ್ನೂ ಶುರು ಮಾಡಿದರು. ಮಿರಜ್ ತನಕ ಬರಲಾಗದ ರೋಗಿಯೂ ಇದ್ದಾನೆ, ಅವನ ಹತ್ತಿರ ಹೋಗುವ ಕೈಗಳು ಬೇಕು ಎಂದು ಕಂಡವರು ಮಾತ್ರ ಮಾಡುವ ಕೆಲಸ ಅದು.

ಮೇಟ್ ಮಾಮಾಗೆ ಈ ಕಣ್ಣು ಎಲ್ಲಿಂದ ಬಂತು ಎಂದು ಯೋಚಿಸಿದರೆ ಅವರ ನೌಕರಿಯೇ ಉತ್ತರ ಹೇಳುತ್ತದೆ. ಕೀಮ್ಯಾನ್ ಎಂದರೆ ದಿನಾ ಬೆಳಿಗ್ಗೆ ತನ್ನ ಪಾಲಿನ ಹಳಿಗುಂಟ ನಡೆಯುವವನು. ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್, ಸುತ್ತಿದ ಬಾವುಟಗಳು. ಬಿಗಿಯಾಗಿರುವ ಸಾವಿರ ಕೀಲಿಗಳ ಲೆಕ್ಕ ಅವನಿಗೆ ಬೇಡ. ಸಡಿಲಾದ ಒಂದು ಎಲ್ಲಿದೆ, ಕಳಚಿಬಿದ್ದದ್ದು ಯಾವುದು, ಅದಷ್ಟೇ ಅವನ ಹುಡುಕಾಟ. ಜೀವನಪೂರ್ತಿ ಹಾಗೆ ನಡೆದವರಿಗೆ ಶಿಬಿರದ ಕೋಣೆಗಳಲ್ಲಿ ನಡೆಯುವಾಗಲೂ ಅದೇ ಕಣ್ಣು. ನಾನು ಗಾಡಿಗಳನ್ನು ಎಣಿಸಿದವನು. ಬಂದದ್ದೆಷ್ಟು, ಹೋದದ್ದೆಷ್ಟು. ನಾವಿಬ್ಬರೂ ಒಂದೇ ರೈಲ್ವೆಯಲ್ಲಿ ದುಡಿದೆವು, ಕಲಿತದ್ದು ಬೇರೆ ಬೇರೆ.

ಶಿಬಿರದ ಉಳಿದ ದಿನಗಳಲ್ಲಿ ಮೇಜು ಇತ್ತು, ಸೀಟಿ ಇರಲಿಲ್ಲ. ಮೇಟ್ ಮಾಮಾ ಹೇಳಿದಂತೆ ಪ್ರತಿ ಓಣಿಯಿಂದ ಒಬ್ಬ ಹೆಣ್ಣುಮಗಳನ್ನು ಆರಿಸಿದೆವು. ಯಾರ ಮಗುವಿಗೆ ಜ್ವರ, ಯಾರು ಊಟ ಬಿಟ್ಟಿದ್ದಾರೆ, ಯಾರ ಮಾತ್ರೆ ಮುಗಿದಿದೆ, ಎಲ್ಲ ಅವರಿಗೆ ಗೊತ್ತಿತ್ತು. ಸಾಲಿನಲ್ಲಿ ನಿಂತು ನಿಂತು ಬೇಸತ್ತಿದ್ದ ಹೆಂಗಸರೇ ಅಡುಗೆ ಕೈಗೆತ್ತಿಕೊಂಡರು; ಭಾಕರಿ ಬಡಿಯುವ ಸದ್ದು ಕೇಳಿ ಶಿಬಿರ ಮನೆಯಂತಾಯಿತು. ಎರಡೆರಡು ಸಲ ಸಾಮಾನು ಪಡೆಯುವ ದೂರು ತಾನಾಗಿ ನಿಂತಿತು. ಒಂದೇ ಓಣಿಯವರ ಮುಂದೆ ಹಾಗೆ ಮಾಡುವ ಮನಸ್ಸು ಯಾರಿಗೂ ಬರಲಿಲ್ಲ. ನಾನು ರಿಜಿಸ್ಟರನ್ನು ತಿರುವಿ, ಕೊನೆಯ ಪುಟದಿಂದ ಇನ್ನೊಂದು ಪಟ್ಟಿ ಶುರು ಮಾಡಿದೆ. ಮೇಟ್ ಮಾಮಾ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಬಂದಿಲ್ಲದವರ ಹೆಸರು, ಕೊನೆಗೆ ಕಂಡ ಜಾಗ, ಕಂಡವರು ಯಾರು. ಒಬ್ಬೊಬ್ಬರು ಸಿಕ್ಕಂತೆ ಹೆಸರಿನ ಮೇಲೆ ಗೆರೆ ಎಳೆಯುತ್ತಿದ್ದೆ.

2021ರ ಜುಲೈನಲ್ಲಿ ಕೃಷ್ಣೆ ಮತ್ತೆ ಉಕ್ಕಿದಾಗ ನಮ್ಮ ಭಾಗದವರು ಮತ್ತೆ ನನ್ನ ಮನೆಗೇ ಬಂದರು. ನಾನು ಅವರನ್ನು ಮೇಟ್ ಮಾಮಾ ಮನೆಗೆ ಕರೆದುಕೊಂಡು ಹೋದೆ. ಅವರು ಒಪ್ಪಲು ಬಹಳ ಹಿಂಜರಿದರು. ಓದು ಬರಹ ಬಾರದವನು ನಾನೆಂಥ ಮುಖ್ಯಸ್ಥ ಎಂದರು. ಬರೆಯಲು ನಾನಿದ್ದೇನೆ ಎಂದು ಹೇಳಿದೆ. ನಾಯಕತ್ವದ ಬಗ್ಗೆ ಮಾತಾಡಲು ಶಾಲೆಗಳು ಕರೆದರೆ ಈಗ ಅವರ ಜೊತೆ ಹೋಗುತ್ತೇನೆ, ಒಬ್ಬನೇ ಹೋಗುವುದಿಲ್ಲ.

ನಿಮ್ಮ ಊರಿಗೂ ನೆರೆ ಬರಬಹುದು, ಬರ ಬರಬಹುದು, ಬೇನೆ ಬರಬಹುದು. ಅಂಥ ಹೊತ್ತಿನಲ್ಲಿ ಯಾರನ್ನು ಮುಂದೆ ಮಾಡಬೇಕೆಂಬ ಪ್ರಶ್ನೆ ಬಂದೇ ಬರುತ್ತದೆ. ಶಾಲು ಹೊದೆಸಿಕೊಂಡವರನ್ನು, ಮೈಕ್ ಹಿಡಿದು ರೂಢಿಯಿದ್ದವರನ್ನು ಕರೆಯುವ ಮೊದಲು ನಿಮ್ಮ ಓಣಿಯ ಬಾಗಿಲು ಬಾಗಿಲಿಗೆ ಯಾರ ಪರಿಚಯವಿದೆ ಎಂದು ಒಮ್ಮೆ ನೋಡಿ. ಅವರನ್ನು ಮುಂದೆ ಮಾಡಿ. ನನ್ನಂಥವರೂ ಬೇಕಾಗುತ್ತಾರೆ, ಪೆನ್ನು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಾರ್ಡ್ ಇಲ್ಲದವರು ಬಂದು ಮೇಜಿನ ಮುಂದೆ ನಿಂತರೆ, ಅವರ ಭಾಷೆ ನಿಮಗೆ ಬರುತ್ತಿದ್ದರೆ, ದಯಮಾಡಿ ಅದರಲ್ಲೇ ಮಾತಾಡಿಸಿ.